ಬೆಲೆ ಮುದ್ರೆಗೆ, ಎಳೆತ ತೂತಿಗೆ: ಹಳೆಯ ಬ್ರೈಯರ್ ಪೈಪು ಕೊಳ್ಳುವ ಮುನ್ನ

ಪ್ರಶ್ನೆ: ಗಲ್ಫಿನಿಂದ ಊರಿಗೆ ಮರಳಿದ ಪರಿಚಯದವರೊಬ್ಬರು ನಾಲ್ಕು ಹಳೆಯ ಹೊಗೆಪೈಪುಗಳನ್ನು ಮಾರುತ್ತಿದ್ದಾರೆ. ಡನ್‌ಹಿಲ್ ಶೆಲ್ ಒಂದು, ಹೇಳುವ ಬೆಲೆ 32,000 ರೂಪಾಯಿ. ಪೀಟರ್ಸನ್ ಸಿಸ್ಟಮ್ ಒಂದು, 9,000. ಸವಿನೆಲ್ಲಿ ಒಂದು, 7,000. ನಾಲ್ಕನೆಯದಕ್ಕೆ ಹೆಸರೇ ಇಲ್ಲ, 1,500. ತಂಬಾಕು ತುಂಬದೆ ನಾಲ್ಕನ್ನೂ ಎಳೆದು ನೋಡಿದೆ. ಹೆಸರಿಲ್ಲದ್ದು ಸಲೀಸಾಗಿ ಎಳೆಯಿತು. ಡನ್‌ಹಿಲ್ ಮಾತ್ರ ಉಸಿರು ಕಟ್ಟುವಷ್ಟು ಬಿಗಿ. ಪೀಟರ್ಸನ್ನಿನಲ್ಲಿ ಕ್ಲೀನರ್ (ತೂತು ಒರೆಸುವ, ನೂಲು ಸುತ್ತಿದ ತಂತಿ) ತಂಬಾಕು ತುಂಬುವ ಬಟ್ಟಲಿನವರೆಗೆ ಹೋಗುವುದೇ ಇಲ್ಲ. ಸವಿನೆಲ್ಲಿ ಸೇದುವಾಗ ಗುಳುಗುಳು ಎನ್ನುತ್ತದೆ ಎಂದು ಅವರೇ ಒಪ್ಪಿಕೊಂಡರು. ಬೆಲೆ ಜಾಸ್ತಿಯಿರುವುದೇ ಕೆಟ್ಟದಾಗಿ ಎಳೆಯುವುದು ಹೇಗೆ? ಡನ್‌ಹಿಲ್‌ನ ತೂತನ್ನು ದೊಡ್ಡದು ಮಾಡಿಸಿದರೆ ಸರಿಯಾದೀತೇ? ಯಾವುದನ್ನು ತೆಗೆದುಕೊಳ್ಳಲಿ?
(ಓದುಗರು, ಮುಳ್ಳೇರಿಯ)

ಉತ್ತರ: ಮೊದಲನೆಯದಾಗಿ, ಡನ್‌ಹಿಲ್‌ಗೆ ಡ್ರಿಲ್ ಮುಟ್ಟಿಸಬೇಡಿ. ನೀವು ಹೇಳುವ ಬಿಗಿತ ಹೆಚ್ಚಿನ ಸಲ ತೂತು ಸಣ್ಣದಿರುವುದರಿಂದ ಬರುವುದಲ್ಲ, ತೂತಿನೊಳಗೆ ಏನೋ ಕೂತಿರುವುದರಿಂದ ಬರುತ್ತದೆ. ಒಮ್ಮೆ ಕೊರೆದರೆ ಎಳೆತ ಸರಿಹೋದರೂ 32,000ದ ವಸ್ತು 32,000ದ್ದಾಗಿ ಉಳಿಯುವುದಿಲ್ಲ.

ಹಳೆಯ ಪೈಪಿಗೆ ಎರಡು ಬೇರೆ ಬೇರೆ ಲೆಕ್ಕ ಇಡಬೇಕು. ಬೆಲೆ ನಿಂತಿರುವುದು ಶ್ಯಾಂಕಿನ (ಬಟ್ಟಲಿನಿಂದ ಹೊರಟ ಮರದ ಕತ್ತಿನ) ಮೇಲಿನ ಮುದ್ರೆ, ಮೂಲ ಸ್ಟೆಮ್ (ಬಾಯಿಗಿಡುವ ಕೊಳವೆ), ಬಟ್ಟಲಿನ ಅಂಚು, ಮರದ ಮೈ ಇವುಗಳ ಮೇಲೆ. ಎಳೆತ ನಿಂತಿರುವುದು ಗಾಳಿದಾರಿಯ ಅಗಲ, ನೇರ ಮತ್ತು ಕೂಡುಗಳ ಮೇಲೆ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧ ಬಹಳ ಕಡಿಮೆ. ನೂರು ವರ್ಷ ಹೆಸರು ಉಳಿಸಿಕೊಂಡ ಕಾರ್ಖಾನೆಯ ಪೈಪಿನಲ್ಲಿ ತಂಬಾಕಿನ ಚೂರೊಂದು ಸಿಕ್ಕಿಕೊಂಡಿರಬಹುದು. ಸಂತೆಯ ಪೈಪಿನಲ್ಲಿ ಡ್ರಿಲ್ ಅದೃಷ್ಟಕ್ಕೆ ನೇರವಾಗಿ ಹೋಗಿರಬಹುದು. ಇದರಲ್ಲಿ ಕೊಳ್ಳುವವರು ಮರೆಯಬಾರದ ಸಂಗತಿಯೊಂದಿದೆ: ಕೆಟ್ಟ ಎಳೆತವನ್ನು ಬಹುಮಟ್ಟಿಗೆ ಸರಿಮಾಡಬಹುದು, ಅಳಿಸಿಹೋದ ಮುದ್ರೆಯನ್ನು ಯಾರೂ ವಾಪಸು ತರಲಾರರು.

ಇಂಥ ಹಳೆಯ ಪೈಪನ್ನು ವ್ಯಾಪಾರದಲ್ಲಿ ಎಸ್ಟೇಟ್ ಪೈಪು ಎನ್ನುತ್ತಾರೆ. ನಮ್ಮ ಕಡೆ ಎಸ್ಟೇಟ್ ಎಂದೊಡನೆ ರಬ್ಬರ್ ತೋಟ, ಗೇರುಗುಡ್ಡ ಕಣ್ಣಮುಂದೆ ಬರುತ್ತದೆ. ಪೈಪಿನ ಮಾತಿನಲ್ಲಿ ಎಸ್ಟೇಟ್ ಎಂದರೆ ಒಬ್ಬರು ಬಿಟ್ಟುಹೋದ ಆಸ್ತಿ. ಮೊದಲ ಒಡೆಯ ಸೇದಿ ಬಿಟ್ಟ, ಇನ್ನೊಬ್ಬರ ಕೈಗೆ ಬಂದ ಪೈಪು ಎಂದಷ್ಟೇ ಅರ್ಥ. ಅದು ಗುಣಮಟ್ಟದ ಹೆಸರಲ್ಲ. ‘ಎಸ್ಟೇಟ್ ಪೈಪು’ ಎಂದು ಹೇಳಿ ಯಾರಾದರೂ ಬೆಲೆ ಏರಿಸಿದರೆ ಆ ಪದಕ್ಕೆ ಹಣ ಕೊಡಬೇಕಾಗಿಲ್ಲ.

ಈಗ ಎಳೆತದ ವಿಷಯ. ಅಡುಗೆಮನೆಯ ಊದುಗೊಳವೆ ನೆನಪಿಸಿಕೊಳ್ಳಿ. ಕೊಳವೆ ಎಷ್ಟೇ ಅಗಲವಿರಲಿ, ತುದಿಗೆ ಬೂದಿ ಕಟ್ಟಿಕೊಂಡರೆ ಊದುವವರ ಕೆನ್ನೆ ನೋಯುತ್ತದೆ. ಪೈಪಿನಲ್ಲೂ ಇಡೀ ದಾರಿಯ ತಡೆಯನ್ನು ತೀರ್ಮಾನಿಸುವುದು ಅತಿ ಕಿರಿದಾದ ಜಾಗ. ಸಾವಕಾಶವಾಗಿ ಎಳೆಯುವಾಗ ಗಾಳಿ ಸುಳಿಯಿಲ್ಲದೆ ಪದರಪದರವಾಗಿ ಹರಿಯುತ್ತದೆ. ಅಂಥ ಹರಿವಿನಲ್ಲಿ ತೂತಿನ ವ್ಯಾಸ ಕಡಿಮೆಯಾದಂತೆ ತಡೆ ವ್ಯಾಸದ ನಾಲ್ಕನೆಯ ಘಾತದ ಲೆಕ್ಕದಲ್ಲಿ ಏರುತ್ತದೆ. ಹಳೆಯ ಇಂಗ್ಲಿಷ್ ಪೈಪುಗಳಲ್ಲಿ ಗಾಳಿದಾರಿ ಅನೇಕ ಸಲ 3.2 ಮಿ.ಮೀ. ಸುಮಾರಿಗೆ ಇರುತ್ತದೆ, ಅಂದರೆ ಒಂದಿಂಚಿನ ಎಂಟನೆಯ ಒಂದು ಭಾಗ. ಈಗಿನ ಕೈಕೆಲಸದವರು ಹೆಚ್ಚಾಗಿ 3.5ರಿಂದ 4 ಮಿ.ಮೀ. ಇಡುತ್ತಾರೆ. ನೋಟಕ್ಕೆ ವ್ಯತ್ಯಾಸ ಕೂದಲೆಳೆಯಷ್ಟು. ಆದರೆ ಒಂದೇ ಉದ್ದದ ದಾರಿಯಲ್ಲಿ 3.2 ಮಿ.ಮೀ. ತೂತಿನ ತಡೆ 4 ಮಿ.ಮೀ. ತೂತಿನ ತಡೆಗಿಂತ ಸುಮಾರು 2.4 ಪಟ್ಟು.

ಇನ್ನೂ ಹತ್ತಿರದಿಂದ ನೋಡೋಣ. ಬಟ್ಟಲಿನ ತಳದಿಂದ ಬಾಯಿಯವರೆಗೆ 130 ಮಿ.ಮೀ. ದಾರಿ, ಎಲ್ಲ ಕಡೆ 4 ಮಿ.ಮೀ. ಅಗಲ ಎಂದುಕೊಳ್ಳಿ. ಅದರಲ್ಲಿ ಸ್ಟೆಮ್ಮಿನ ಟೆನನ್ ಭಾಗದ (ಶ್ಯಾಂಕಿನೊಳಗೆ ಸೇರುವ ತುದಿಯ) 20 ಮಿ.ಮೀ. ಮಾತ್ರ 2.5 ಮಿ.ಮೀ.ಗೆ ಇಳಿದಿದೆ, ಹೊಗೆಯ ಅಂಟಾದ ಟಾರು ಕಟ್ಟಿಯೋ ತಯಾರಿಯ ದೋಷವೋ. ಆ ತುಂಡೊಂದರ ತಡೆಯೇ 4 ಮಿ.ಮೀ.ನ ಇಡೀ 130 ಮಿ.ಮೀ. ದಾರಿಯ ತಡೆಗೆ ಸಮವಾಗುತ್ತದೆ. ಉಳಿದ 110 ಮಿ.ಮೀ. ಎಷ್ಟು ಚೊಕ್ಕವಾಗಿದ್ದರೂ ಎಳೆಯುವವರಿಗೆ ಹೆಚ್ಚುಕಡಿಮೆ ಎರಡು ಪೈಪು ಒಟ್ಟಿಗೆ ಎಳೆದ ಹಾಗಾಗುತ್ತದೆ. ಆದ್ದರಿಂದಲೇ ‘ಈ ಪೈಪು ಬಿಗಿ’ ಎಂದು ಹೇಳುವುದರಲ್ಲಿ ಅರ್ಥವಿಲ್ಲ. ಪೈಪಿನ ಯಾವ ಅಂಗುಲ ಬಿಗಿ ಎಂದು ಹುಡುಕಬೇಕು.

ಹಾಗೆಂದು ಸಡಿಲವಾದಷ್ಟೂ ಒಳ್ಳೆಯದಲ್ಲ. ತಂಬಾಕು ತುಂಬಿದ ಮೇಲೆ ತಡೆಯ ದೊಡ್ಡ ಪಾಲು ತಂಬಾಕಿನ ಹಾಸಿನದೇ. ದಾರಿ ತೀರ ಸಲೀಸಾಗಿದ್ದರೆ ಅಭ್ಯಾಸವಿಲ್ಲದವರು ಗೊತ್ತಿಲ್ಲದೆ ಜೋರಾಗಿ ಎಳೆಯುತ್ತಾರೆ, ಬಟ್ಟಲು ಕಾಯುತ್ತದೆ, ನಾಲಗೆ ಸುಡುತ್ತದೆ. ಹೆಸರಿಲ್ಲದ ನಾಲ್ಕನೆಯ ಪೈಪು ಖಾಲಿಯಲ್ಲಿ ಸಲೀಸಾಗಿ ಎಳೆದದ್ದು ಒಳ್ಳೆಯ ಲಕ್ಷಣವೇ ಇರಬಹುದು, ಟೆನನ್ ಸಡಿಲವಾಗಿ ಪಕ್ಕದಿಂದ ಗಾಳಿ ನುಗ್ಗುತ್ತಿರಲೂಬಹುದು. ಇದನ್ನು ಪರೀಕ್ಷಿಸಲು ಬಟ್ಟಲಿನ ಬಾಯಿಯನ್ನು ಅಂಗೈಯಿಂದ ಬಿಗಿಯಾಗಿ ಮುಚ್ಚಿ ಎಳೆಯಿರಿ. ಆಗಲೂ ಗಾಳಿ ಬಂದರೆ ಕೂಡಿನಲ್ಲಿ ಸಂದಿಯಿದೆ, ಇಲ್ಲವೇ ಶ್ಯಾಂಕ್ ಸೀಳಿದೆ.

ನೋಡಲು ಹೋಗುವಾಗ ಜೇಬಿನಲ್ಲಿ ಇಷ್ಟಿರಲಿ: ಒಂದು ಸಣ್ಣ ಟಾರ್ಚು, ಭೂತಗನ್ನಡಿ, ನಾಲ್ಕಾರು ಪೈಪ್ ಕ್ಲೀನರ್, ಒಂದು ವರ್ನಿಯರ್ ಕ್ಯಾಲಿಪರ್, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ 2.5, 3, 3.2, 3.5, 4 ಮಿ.ಮೀ. ಡ್ರಿಲ್ ಬಿಟ್ಟುಗಳು. ಬಿಟ್ಟುಗಳು ಕೊರೆಯಲಿಕ್ಕಲ್ಲ. ಅವುಗಳ ನುಣುಪಾದ ಹಿಂಬದಿಯೇ ಅಳತೆಗೋಲು. ಪೈಪು ತಣ್ಣಗಿರುವಾಗ ಸ್ಟೆಮ್ಮನ್ನು ಮೆಲ್ಲನೆ ತಿರುಗಿಸುತ್ತ ಹೊರಗೆಳೆಯಿರಿ. ಹಿಡಿಯಬೇಕಾದ್ದು ಶ್ಯಾಂಕನ್ನು, ಬಟ್ಟಲನ್ನಲ್ಲ; ಬಟ್ಟಲು ಹಿಡಿದು ತಿರುಚಿದರೆ ಶ್ಯಾಂಕ್ ಮುರಿಯುವ ಜಾಗಕ್ಕೇ ಬಲ ಬೀಳುತ್ತದೆ. ಮೊದಲು ಸ್ಟೆಮ್ಮೊಂದನ್ನೇ ತುಟಿಗಿಟ್ಟು ಎಳೆಯಿರಿ. ಆಮೇಲೆ ಶ್ಯಾಂಕಿನ ಬಾಯಿಗೆ ಸ್ವಚ್ಛವಾದ ಬಟ್ಟೆ ಸುತ್ತಿ ಅದರ ಮೂಲಕ ಬಟ್ಟಲಿನ ಭಾಗವನ್ನು ಎಳೆಯಿರಿ. ಕೊನೆಗೆ ಎರಡನ್ನೂ ಜೋಡಿಸಿ. ಎರಡೂ ಬಿಡಿಬಿಡಿಯಾಗಿ ಸಲೀಸು, ಜೋಡಿಸಿದಾಗ ಬಿಗಿ ಎಂದಾದರೆ ಟೆನನ್ನಿನ ತೂತಿಗೂ ಶ್ಯಾಂಕಿನ ತೂತಿಗೂ ಮುಖಾಮುಖಿ ಇಲ್ಲ ಎಂದರ್ಥ. ನಮ್ಮ ಎಣ್ಮಕಜೆ, ಬಾಯಾರಿನ ಕಡೆ ನೀರಿಗಾಗಿ ಗುಡ್ಡಕ್ಕೆ ಸುರಂಗ ಕೊರೆಯುವವರು ದಿಕ್ಕು ತಪ್ಪದಂತೆ ನೋಡಿಕೊಳ್ಳುವುದು ಇದೇ ಕಾರಣಕ್ಕೆ: ದಾರಿ ಓರೆಯಾದ ಕಡೆ ನೀರು ನಿಲ್ಲುತ್ತದೆ. ಪೈಪಿನಲ್ಲಿ ಹೊಗೆಯ ತೇವ ನಿಲ್ಲುವುದೂ ಅಂಥ ಜಾಗದಲ್ಲೇ.

ಡನ್‌ಹಿಲ್‌ನಲ್ಲಿ ಇದಕ್ಕೂ ಮುಂಚೆ ನೋಡಬೇಕಾದ್ದೊಂದಿದೆ. ಆ ಕಾರ್ಖಾನೆಯವರು ಬಹುಕಾಲ ಗಾಳಿದಾರಿಯೊಳಗೆ ತೆಳುವಾದ ಅಲ್ಯೂಮಿನಿಯಂ ನಳಿಗೆ ಕೂರಿಸುತ್ತಿದ್ದರು, ಕೊಳೆಯಾದಾಗ ತೆಗೆದು ತೊಳೆಯಲಿ ಎಂದು. ಅನೇಕರು ಅದನ್ನು ಎಸೆದರು, ಕೆಲವರು ತೆಗೆಯದೆ ವರ್ಷಗಟ್ಟಲೆ ಸೇದಿದರು. ನೀವು ನೋಡಿದ ಪೈಪಿನಲ್ಲಿ ಅದು ಉಳಿದಿದ್ದರೆ ಟಾರ್ಚು ಹಿಡಿದಾಗ ಟೆನನ್ನಿನೊಳಗೆ ಲೋಹದ ಅಂಚು ಉಂಗುರದಂತೆ ಕಾಣುತ್ತದೆ, ಒಳಗೆ ಕಪ್ಪು ಅಂಟು. ಎಳೆತ ಕಟ್ಟಿರುವುದು ಅಲ್ಲೇ. ಆಲ್ಕೋಹಾಲ್ ತೋಯಿಸಿ ಮೆತ್ತಗೆ ಮಾಡಿ, ಇಕ್ಕಳದಿಂದ ಕೀಳದೆ, ತಿರುಗಿಸುತ್ತ ಹೊರತೆಗೆಯಬೇಕು. ತೆಗೆದ ನಳಿಗೆಯನ್ನು ತೊಳೆದು ಪೈಪಿನೊಂದಿಗೇ ಇಡಿ. ಮುಂದೆ ಮಾರುವಾಗ ಅದಕ್ಕೂ ಬೆಲೆಯಿದೆ. ನಳಿಗೆ ಇಲ್ಲದಿದ್ದರೆ ಶ್ಯಾಂಕಿನ ಟಾರು ಎರಡನೆಯ ಅನುಮಾನ, ಬಾಯಿಯ ಕಡೆಯ ಸೀಳುತೂತು ಮೂರನೆಯದು. ಹಲ್ಲಿನ ಒತ್ತಿಗೆ ಬಟನ್ (ಸ್ಟೆಮ್ಮಿನ ಬಾಯಿತುದಿಯ ಉಬ್ಬು) ಚಪ್ಪಟೆಯಾಗಿ ಆ ಸೀಳು ಮುಚ್ಚಿಕೊಂಡಿರಬಹುದು. ಬೆಳಕಿಗೆ ಹಿಡಿದರೆ ತಿಳಿಯುತ್ತದೆ.

ಎಲ್ಲ ತೊಳೆದ ಮೇಲೂ 3 ಮಿ.ಮೀ. ಬಿಟ್ಟು ಮಾತ್ರ ಹೋಗುತ್ತದೆ, 3.2 ಹೋಗುವುದಿಲ್ಲ ಎಂದಾದರೆ? ಆಗಲೂ ಮೂಲ ಭಾಗಗಳನ್ನು ಕೊರೆಯಬೇಡಿ. ಬಿಗಿ ಇರುವುದು ಸ್ಟೆಮ್ಮಿನಲ್ಲಾದರೆ 4 ಮಿ.ಮೀ. ತೂತಿನ ಇನ್ನೊಂದು ಸ್ಟೆಮ್ ಮಾಡಿಸಿ ಅದರಲ್ಲಿ ಸೇದಿ, ಮೂಲದ್ದನ್ನು ಬಟ್ಟೆಯಲ್ಲಿ ಸುತ್ತಿ ಕತ್ತಲಲ್ಲಿಡಿ. ಬಿಗಿ ಶ್ಯಾಂಕಿನಲ್ಲಿದ್ದರೆ ತಂಬಾಕನ್ನು ತುಸು ಸಡಿಲವಾಗಿ ತುಂಬುವುದೇ ಮದ್ದು. ಹೆಸರಿಲ್ಲದ ಪೈಪಿಗೆ ಈ ಕಟ್ಟುಪಾಡಿಲ್ಲ. ಅದನ್ನು ಕೈಯಲ್ಲಿ ತಿರುಗಿಸುವ ಪಿನ್‌ವೈಸಿಗೆ ಬಿಟ್ಟು ಸಿಕ್ಕಿಸಿ, 0.2 ಮಿ.ಮೀ.ನಷ್ಟೇ ದೊಡ್ಡ ಬಿಟ್ಟಿಗೆ ಒಂದೊಂದಾಗಿ ಏರುತ್ತ ಹಿಗ್ಗಿಸಬಹುದು, 4 ಮಿ.ಮೀ.ಗೆ ನಿಲ್ಲಿಸಬೇಕು. ವಿದ್ಯುತ್ ಡ್ರಿಲ್ ಬೇಡ. ಪೈಪಿನ ಮರವಾದ ಬ್ರೈಯರಿನ ಗಂಟಿಗೆ ತಾಗಿದ ಬಿಟ್ಟು ಪಕ್ಕಕ್ಕೆ ಜಾರಿ ಶ್ಯಾಂಕಿನ ಹೊರಕ್ಕೇ ಬರುತ್ತದೆ.

ಪೀಟರ್ಸನ್ನಿನಲ್ಲಿ ಕ್ಲೀನರ್ ಹೋಗದಿರುವುದು ದೋಷವಲ್ಲ. ಅದರ ರಚನೆಯೇ ಹಾಗೆ. ಡಬ್ಲಿನ್ನಿನ ಆ ಕಾರ್ಖಾನೆ 1890ರಲ್ಲಿ ಪೇಟೆಂಟ್ ಪಡೆದ ವಿನ್ಯಾಸದಲ್ಲಿ ಬಟ್ಟಲಿನಿಂದ ಬಂದ ತೂತು ನೇರ ಸ್ಟೆಮ್ಮಿಗೆ ಹೋಗದೆ ಶ್ಯಾಂಕಿನೊಳಗಿನ ಪುಟ್ಟ ಬಾವಿಯೊಂದಕ್ಕೆ ತೆರೆಯುತ್ತದೆ. ಅಲ್ಲಿ ಹೊಗೆ ಹಿಗ್ಗಿ, ವೇಗ ತಗ್ಗಿ, ತೇವ ಕೆಳಗೆ ಬೀಳುತ್ತದೆ. ಸ್ಟೆಮ್ಮಿನ ತುದಿ ಆ ಬಾವಿಯ ಮೇಲೆ ಕೂರುವುದರಿಂದ ಕ್ಲೀನರಿಗೆ ತೂತು ಸಿಗುವುದಿಲ್ಲ. ಸ್ಟೆಮ್ ತೆಗೆದು ಎರಡನ್ನೂ ಬೇರೆಬೇರೆಯಾಗಿ ಒರೆಸಬೇಕು, ಬಾವಿಯ ನೀರನ್ನು ಪ್ರತಿ ಸಲ ಚೆಲ್ಲಬೇಕು. ಅದನ್ನು ಮಾಡದಿದ್ದರೆ ಇದರಷ್ಟು ಹುಳಿ ನಾತದ ಪೈಪು ಇನ್ನೊಂದಿಲ್ಲ. ಬಾಯಿಯ ತೂತು ತುದಿಗಿರದೆ ಮೇಲ್ಮುಖವಾಗಿ ಇದ್ದರೆ ಅದು 1898ರಲ್ಲಿ ಪೇಟೆಂಟ್ ಆದ ಪಿ-ಲಿಪ್. ಹೊಗೆ ನಾಲಗೆಗೆ ಬಡಿಯದೆ ಅಂಗುಳಿನ ಕಡೆ ಹೋಗಲಿ ಎಂದು ಮಾಡಿದ್ದು. ಕೆಲವರಿಗೆ ಅದರ ಎಳೆತ ಹಿಡಿಸುತ್ತದೆ, ಕೆಲವರಿಗೆ ಇಲ್ಲ. ಖಾಲಿ ಪೈಪನ್ನೇ ಬಾಯಿಗಿಟ್ಟು ಐದು ನಿಮಿಷ ಕೂತರೆ ನಿಮ್ಮ ಬಾಯಿಗೆ ಹೊಂದುತ್ತದೆಯೋ ಎಂದು ಗೊತ್ತಾಗುತ್ತದೆ.

ಈ ಪೈಪಿನ ಬೆಲೆಯಲ್ಲಿ ಒಂದು ಮೋಸ ನಡೆಯುತ್ತದೆ. ಸಿಸ್ಟಮ್ ಪೈಪಿನ ಲೋಹದ ಕಟ್ಟಿನ ಮೇಲೆ ಮೂರೆಲೆ ಗಿಡ, ನಾಯಿ, ಗೋಪುರದ ಪುಟ್ಟ ಚಿತ್ರಗಳಿರುತ್ತವೆ. ಅವನ್ನು ತೋರಿಸಿ ‘ಬೆಳ್ಳಿಯ ಹಾಲ್‌ಮಾರ್ಕ್’ ಎನ್ನುತ್ತಾರೆ. ಅದು ಹಾಲ್‌ಮಾರ್ಕ್ ಅಲ್ಲ, ಕಾರ್ಖಾನೆಯ ಅಲಂಕಾರ ಮುದ್ರೆ, ಲೋಹ ನಿಕ್ಕಲ್. ಬೆಳ್ಳಿಯಾದರೆ ‘ಸ್ಟರ್ಲಿಂಗ್’ ಎಂಬ ಪದವೋ ನಿಜವಾದ ಪರೀಕ್ಷಾ ಮುದ್ರೆಗಳೋ ಇರಬೇಕು. ಕಾಲ ತಿಳಿಯಲು ದೇಶದ ಹೆಸರು ನೋಡಿ: ‘ಐರಿಶ್ ಫ್ರೀ ಸ್ಟೇಟ್’ ಎಂದಿದ್ದರೆ 1922–1937ರ ನಡುವಿನ ಆ ರಾಜ್ಯದ ಕಾಲದ್ದು, ‘ರಿಪಬ್ಲಿಕ್ ಆಫ್ ಐರ್ಲೆಂಡ್’ ಎಂದಿದ್ದರೆ 1949ರಿಂದೀಚೆಯದು. ಎರಡನೆಯದು ಬಹಳ ಸಾಮಾನ್ಯ, ಅದಕ್ಕೆ ‘ಪುರಾತನ’ದ ದರ ಕೊಡಬೇಡಿ.

ಸವಿನೆಲ್ಲಿಯ ಗುಳುಗುಳು ಶಬ್ದಕ್ಕೆ ಬಹುಶಃ ಪೈಪು ಕಾರಣವೇ ಅಲ್ಲ. ಟೆನನ್ನಿನ ತುದಿಯ ತೂತನ್ನು ನೋಡಿ. ಅದು ಸುಮಾರು 6 ಮಿ.ಮೀ. ಅಗಲವಿದ್ದರೆ ಬಾಲ್ಸಾ ಮರದ ಕಡ್ಡಿಯನ್ನು ಫಿಲ್ಟರಾಗಿ ಇಡಲು ಮಾಡಿದ್ದು. ಕಡ್ಡಿಯಿಲ್ಲದೆ ಸೇದಿದರೆ ಕಿರಿದಾದ ದಾರಿಯಿಂದ ಬಂದ ಬಿಸಿ ಹೊಗೆ ಥಟ್ಟನೆ ಅಗಲವಾದ ಕೋಣೆಗೆ ಬಂದು ತಣಿಯುತ್ತದೆ, ತೇವ ಹನಿಗಟ್ಟುತ್ತದೆ, ಹನಿಯ ಮೇಲೆ ಗಾಳಿ ಹರಿದಾಗ ಆ ಸದ್ದು. ಬಾಲ್ಸಾ ಕಡ್ಡಿ ಹಾಕಿ, ಇಲ್ಲವೇ ಆ ಜಾಗ ತುಂಬುವ ಅಡಾಪ್ಟರ್ ಹಾಕಿ. 9 ಮಿ.ಮೀ. ಫಿಲ್ಟರಿನ ಪೈಪುಗಳಿಗೂ ಇದೇ ಮಾತು. ಟೆನನ್ ಸಾಮಾನ್ಯ ತೂತಿನದ್ದಾದರೆ ವರ್ನಿಯರಿನ ಆಳದ ಕಡ್ಡಿಯಿಂದ ಮಾರ್ಟಿಸಿನ (ಟೆನನ್ ಕೂರುವ ಶ್ಯಾಂಕಿನ ಕುಳಿಯ) ಆಳ ಅಳೆಯಿರಿ, ಟೆನನ್ನಿನ ಉದ್ದವನ್ನು ಅದರಿಂದ ಕಳೆಯಿರಿ. ಉಳಿಯುವ ಸಂದಿ 1 ಮಿ.ಮೀ.ಗಿಂತ ಕಡಿಮೆಯಿದ್ದರೆ ಸರಿ. 2, 3 ಮಿ.ಮೀ. ಇದ್ದರೆ ಅದೇ ನೀರಿನ ಗುಂಡಿ.

ಗುಳುಗುಳಕ್ಕೆ ನಮ್ಮ ಹವೆಯೂ ಪಾಲುದಾರ. ಪುಸ್ತಕಗಳಲ್ಲಿ ‘ತಂಬಾಕನ್ನು ಅರ್ಧ ಗಂಟೆ ತೆರೆದಿಟ್ಟು ಒಣಗಿಸಿ’ ಎಂದಿರುತ್ತದೆ. ಅದು ಒಣಹವೆಯ ದೇಶದ ಸಲಹೆ. ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ ಬೀಳುವ ಕಾಸರಗೋಡಿನಲ್ಲಿ ಆಟಿ (ಆಷಾಢ) ತಿಂಗಳಲ್ಲಿ ತೆರೆದಿಟ್ಟ ತಂಬಾಕು ಒಣಗುವುದಿಲ್ಲ, ಇನ್ನಷ್ಟು ತೇವ ಹೀರುತ್ತದೆ. ಮೇಜಿನ ದೀಪದ ಬಿಸಿಯಡಿಯಲ್ಲಿ ಕಾಗದದ ಮೇಲೆ ತೆಳುವಾಗಿ ಹರಡಿ 15 ನಿಮಿಷ ಇಡಿ. ಬೆರಳಲ್ಲಿ ಹಿಸುಕಿ ಬಿಟ್ಟರೆ ಮುದ್ದೆಯಾಗಿ ಉಳಿಯದೆ ಮೆಲ್ಲಗೆ ಬಿಚ್ಚಿಕೊಳ್ಳಬೇಕು, ಪುಡಿಯಾದರೆ ಅತಿಯಾಯಿತು. ಹೊಸದುರ್ಗ, ಪಳ್ಳಿಕ್ಕರೆ ಕಡೆಯ ಹೊಗೆಸೊಪ್ಪನ್ನು ಪೈಪಿಗೆ ತುಂಬಿ ಎಳೆತ ಪರೀಕ್ಷಿಸುವುದು ಬೇಡ. ಅದು ವೀಳ್ಯದೊಂದಿಗೆ ಜಗಿಯಲು ಹದ ಮಾಡಿದ ಖಾರದ ಎಲೆ, ಪೈಪಿನ ಕಟಾವೂ ಅದಕ್ಕಿಲ್ಲ.

ಬಟ್ಟಲಿನ ಒಳಗನ್ನು ನೋಡದೆ ಯಾವ ಬೆಲೆಯೂ ಮಾತಾಡಬಾರದು. ಬ್ರೈಯರ್ ಎಂದರೆ ಮೆಡಿಟರೇನಿಯನ್ ತೀರದ ಎರಿಕಾ ಆರ್ಬೋರಿಯಾ ಎಂಬ ಪೊದೆಮರದ ಬುಡದ ಗಂಟು. ಗಂಟುಗಳನ್ನು ಗಂಟೆಗಟ್ಟಲೆ ಕುದಿಸಿ ಒಗರು ತೆಗೆದು, ತಿಂಗಳುಗಟ್ಟಲೆ, ಕೆಲವೆಡೆ ವರ್ಷಗಟ್ಟಲೆ ಒಣಗಿಸಿದ ಮೇಲೇ ಪೈಪಾಗುವುದು. ಬೆಂಕಿಗೆ ತಡೆಯುವ ಶಕ್ತಿ ಅದಕ್ಕೆ ಚೆನ್ನಾಗಿದೆ, ಆದರೆ ಮಿತಿಯಿಲ್ಲದ್ದಲ್ಲ. ಸೇದಿದಂತೆ ಒಳಗೋಡೆಗೆ ಮಸಿಯ ಪದರ ಕಟ್ಟುತ್ತದೆ, ಕೇಕ್ ಎನ್ನುತ್ತಾರೆ. ಅದು ಒಂದು ರೂಪಾಯಿ ನಾಣ್ಯದ ದಪ್ಪ, ಅಂದರೆ ಒಂದೂವರೆ ಮಿ.ಮೀ. ಮೀರಬಾರದು. ಬಿಸಿಗೆ ಕೇಕ್ ಹಿಗ್ಗುವ ಅಳತೆ ಬೇರೆ, ಮರ ಹಿಗ್ಗುವ ಅಳತೆ ಬೇರೆ. ದಪ್ಪ ಕೇಕ್ ಒಳಗಿನಿಂದ ಒತ್ತಿ ಬಟ್ಟಲನ್ನು ಸೀಳುತ್ತದೆ. ಮಾರುವವರು ದಪ್ಪ ಕೇಕನ್ನು ‘ಚೆನ್ನಾಗಿ ಪಳಗಿದ್ದು’ ಎಂದು ಹೊಗಳುವುದುಂಟು. ಅದರ ಅಡಿಯಲ್ಲಿ ಏನಿದೆಯೋ ಕಾಣುವುದಿಲ್ಲ ಎಂದೇ ನೀವು ಲೆಕ್ಕ ಹಾಕಿ.

ಟಾರ್ಚು ಹಾಕಿ ಗಾಳಿತೂತಿನ ಎದುರಿನ ಗೋಡೆ ಮತ್ತು ತಳವನ್ನು ನೋಡಿ. ಸುಟ್ಟು ಗುಳಿಬಿದ್ದ ಜಾಗ ಕಂಡರೆ ದಬ್ಬಣದ ತುದಿಯಿಂದ ಮೆಲ್ಲನೆ ಒತ್ತಿ. ಗಟ್ಟಿ ಬ್ರೈಯರ್ ಒಳಗೆ ಬಿಡುವುದಿಲ್ಲ. ಇದ್ದಿಲಿನಂತೆ ಪುಸಕ್ಕನೆ ಇಳಿದರೆ ಮರ ಸುಟ್ಟಿದೆ, ಅಂಥದ್ದನ್ನು ಯಾವ ಬೆಲೆಗೂ ಸೇದಲೆಂದು ಕೊಳ್ಳಬೇಡಿ. ಹೊರಗೆ ಅದೇ ಎತ್ತರದಲ್ಲಿ ಮಸುಕು ಕಪ್ಪು ಕಲೆ ಇದ್ದರೆ ಅನುಮಾನ ಗಟ್ಟಿಯಾಗುತ್ತದೆ. ಗಾಳಿತೂತು ಬಟ್ಟಲಿನ ತಳದ ನಡುವಿಗೆ ಸರಿಯಾಗಿ ತೆರೆದಿರಬೇಕು. 2, 3 ಮಿ.ಮೀ. ಮೇಲೆ ಇದ್ದರೆ ಕೆಳಗಿನ ತಂಬಾಕು ಉರಿಯದೆ ಒದ್ದೆ ಮುದ್ದೆಯಾಗಿ ಉಳಿಯುತ್ತದೆ. ಚುಟ್ಟದ ಬೂದಿಗೆ ಹನಿ ಹನಿ ನೀರು ಸೇರಿಸಿ ಕಲಸಿ ತಳಕ್ಕೆ ಮೆತ್ತಿ, ತೂತಿನಲ್ಲಿ ಕ್ಲೀನರ್ ಇಟ್ಟು ಎರಡು ಮೂರು ದಿನ ಒಣಗಿಸಿದರೆ ಆ ಗುಂಡಿ ತುಂಬುತ್ತದೆ. ಬೆಲೆಗೂ ಅದರಿಂದ ಹೊಡೆತವಿಲ್ಲ, ಬೇಕೆಂದಾಗ ಕೆರೆದು ತೆಗೆಯಬಹುದು.

ಡನ್‌ಹಿಲ್‌ನ ಬೆಲೆಗೆ ಬರೋಣ. ಸ್ಟೆಮ್ಮಿನ ಮೇಲಿನ ಬಿಳಿ ಚುಕ್ಕೆ ಪುರಾವೆಯಲ್ಲ. ಚುಕ್ಕೆಯಿರುವ ಸ್ಟೆಮ್ಮನ್ನು ಬೇರೆ ಬಟ್ಟಲಿಗೆ ಸಿಕ್ಕಿಸಬಹುದು, ಚುಕ್ಕೆಯನ್ನೇ ಹೊಸದಾಗಿ ಇಡಲೂಬಹುದು. ಪುರಾವೆ ಶ್ಯಾಂಕಿನ ಕೆಳಗಿನ ಅಕ್ಷರಗಳಲ್ಲಿದೆ. ‘ಮೇಡ್ ಇನ್ ಇಂಗ್ಲೆಂಡ್’ ಎಂಬುದರ ಕೊನೆಯ ಅಕ್ಷರದ ಪಕ್ಕ ಅಡಿಗೆರೆಯಿರುವ ಪುಟ್ಟ ಅಂಕಿಯನ್ನು ಹುಡುಕಿ. ಎರಡಂಕಿಯಿದ್ದರೆ ಅದಕ್ಕೆ 1960 ಕೂಡಿಸಿ: 15 ಎಂದಿದ್ದರೆ 1975. ಒಂದೇ ಅಂಕಿಯಿದ್ದರೆ ದಶಕ ತಿಳಿಯಲು ಮಿಕ್ಕ ಮುದ್ರೆಗಳನ್ನೂ ಓದಬೇಕು. ಪೇಟೆಂಟ್ ಸಂಖ್ಯೆಯೂ ಇದ್ದರೆ 1950ರ ದಶಕದ ನಡುಭಾಗಕ್ಕಿಂತ ಹಿಂದಿನದು. ವೃತ್ತದೊಳಗಿನ ಅಂಕಿ ಗಾತ್ರದ ಗುಂಪು ಹೇಳುತ್ತದೆ, ಪಕ್ಕದ ‘ಎಸ್’ ಶೆಲ್ ಎಂಬುದನ್ನು. ಶೆಲ್ ಎಂದರೆ ಮರಳು ಹೊಡೆದು ಮೆತ್ತನೆಯ ಮರವನ್ನು ಸವೆಸಿ ಮರದ ಉಂಗುರಗಳನ್ನು ಎಬ್ಬಿಸಿದ ಒರಟು ಮೈ. ಬೆರಳಾಡಿಸಿದರೆ ಬೆಟ್ಟು ಬೆಟ್ಟಾಗಿ ತಾಗಬೇಕು. ಪಾಲಿಶ್ ಚಕ್ರಕ್ಕೆ ಕೊಟ್ಟು ನುಣುಪಾಗಿಸಿದ್ದರೆ, ಮುದ್ರೆಯ ಅಕ್ಷರ ತೇಲಿಹೋಗಿದ್ದರೆ, ಅದು ಎಷ್ಟು ಥಳಥಳ ಹೊಳೆದರೂ ಸಂಗ್ರಾಹಕರ ಕಣ್ಣಿಗೆ ಹಾಳಾದ ವಸ್ತು.

ಬೆಲೆ ಇಳಿಸುವ ಕಾರಣಗಳಲ್ಲಿ ಮೊದಲನೆಯದು ಬದಲಿ ಸ್ಟೆಮ್. ಮೂಲ ಸ್ಟೆಮ್ ಶ್ಯಾಂಕಿನೊಂದಿಗೆ ಉಗುರು ಸಿಕ್ಕದಂತೆ ಸೇರಿಕೊಳ್ಳುತ್ತದೆ. ಬದಲಿ ಸ್ಟೆಮ್ಮಿನ ಡನ್‌ಹಿಲ್‌ಗೆ ಹೇಳಿದ ಬೆಲೆಯ ಅರ್ಧಕ್ಕೂ ಹೆಚ್ಚು ಕೊಡಬಾರದು ಎಂಬುದು ನಮ್ಮ ಅಭಿಪ್ರಾಯ. ಶ್ಯಾಂಕಿನ ಸೀಳಿಗೆ ಲೋಹದ ಪಟ್ಟಿ ಕಟ್ಟಿದ್ದರೂ ಹಾಗೆಯೇ. ವಿಚಿತ್ರವೆಂದರೆ ಈ ಎರಡರಿಂದಲೂ ಎಳೆತ ಕೆಡಬೇಕೆಂದಿಲ್ಲ. ಸೇದಲಿಕ್ಕೆಂದೇ ಕೊಳ್ಳುವವರಿಗೆ ಅಂಥ ಪೈಪೇ ಲಾಭದ ವ್ಯಾಪಾರ. ಅಂಚು ಸುಟ್ಟದ್ದು, ಅಂಚನ್ನು ಉಜ್ಜಿ ತಗ್ಗಿಸಿದ್ದು, ಕೇಕ್ ಕೆರೆಯುವ ರೀಮರಿನಿಂದ ಬಟ್ಟಲು ಮೊಟ್ಟೆಯಾಕಾರವಾದದ್ದು, ಪುಟ್ಟಿ ತುಂಬಿದ ಗುಳಿಗಳು ಇವೆಲ್ಲ ಆಮೇಲೆ. ದರ ಹೋಲಿಸುವಾಗ ಯಾರೋ ಕೇಳಿದ ಬೆಲೆಯನ್ನಲ್ಲ, ಹರಾಜಿನಲ್ಲಿ ನಿಜವಾಗಿ ಮಾರಾಟವಾದ ಬೆಲೆಯನ್ನು ನೋಡಿ. ಅದೂ ಅದೇ ಗುಂಪು, ಅದೇ ಮೈ, ಅದೇ ದಶಕದ್ದಿರಬೇಕು.

ಸ್ಟೆಮ್ ಬಹುತೇಕ ವಲ್ಕನೈಟ್, ಅಂದರೆ ಗಂಧಕ ಸೇರಿಸಿ ಗಟ್ಟಿ ಮಾಡಿದ ರಬ್ಬರ್. ಬಿಸಿಲು, ತೇವ ತಾಗಿದರೆ ಕಂದು ಹಸಿರಾಗಿ ಕಹಿ ಬರುತ್ತದೆ. ಕರಾವಳಿಯಲ್ಲಿ ಇದು ಬೇಗ. ಮಾರುವ ಮುನ್ನ ತೆಂಗಿನೆಣ್ಣೆ ಸವರಿದರೆ ಆ ಬಣ್ಣ ತಾತ್ಕಾಲಿಕವಾಗಿ ಮುಚ್ಚಿ ಕಪ್ಪಗೆ ಹೊಳೆಯುತ್ತದೆ. ಆಲ್ಕೋಹಾಲ್ ಅದ್ದಿದ ಹತ್ತಿಯಿಂದ ಬಟನ್ ಹತ್ತಿರ ಒಮ್ಮೆ ಒರೆಸಿ. ಹತ್ತಿ ಕಂದಾದರೆ ಗೊತ್ತಾಯಿತು. ಇದೊಂದು ದೊಡ್ಡ ದೋಷವಲ್ಲ, ಚೌಕಾಶಿಗೆ ಕಾರಣ ಅಷ್ಟೇ. 600, 1000, 2000ರ ನೀರುಕಾಗದದಿಂದ ಒದ್ದೆಯಾಗಿ ಉಜ್ಜಿದರೆ ಹೋಗುತ್ತದೆ. ಉಜ್ಜುವಾಗ ಸ್ಟೆಮ್ಮನ್ನು ಪೈಪಿಗೇ ಜೋಡಿಸಿ, ನಡುವೆ ತೆಳು ಪ್ಲಾಸ್ಟಿಕ್ ವಾಷರ್ ಇಡಿ. ಇಲ್ಲದಿದ್ದರೆ ಕೂಡಿನ ಚೂಪು ಅಂಚು ದುಂಡಾಗಿ, ಎರಡರ ನಡುವೆ ಗೆರೆ ಕಾಣಿಸಿಕೊಳ್ಳುತ್ತದೆ. ಹಾಗಾದದ್ದನ್ನು ಸರಿಮಾಡಲಾಗದು.

ಕೊಂಡ ಮೇಲೆ ಶುದ್ಧ ಮಾಡದೆ ಬಾಯಿಗಿಡಬೇಡಿ. ಸ್ಟೆಮ್ ಅಲುಗದಿದ್ದರೆ ಪೈಪನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಅರ್ಧ ಗಂಟೆ ಫ್ರೀಜರಿನಲ್ಲಿಟ್ಟು ಮತ್ತೆ ಪ್ರಯತ್ನಿಸಿ. ಕೇಕನ್ನು ರೀಮರ್ ಇಲ್ಲದಿದ್ದರೆ ಮರದ ಕೋಲಿಗೆ ಮರಳುಕಾಗದ ಸುತ್ತಿ ಉಜ್ಜಿ. ಚಾಕು ಹಾಕಿದರೆ ಬಟ್ಟಲಿನ ದುಂಡು ಕೆಡುತ್ತದೆ. ಶ್ಯಾಂಕಿನೊಳಗೆ 99 ಶೇಕಡ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಕ್ಲೀನರನ್ನು ಬೆಳ್ಳಗೆ ಹೊರಬರುವವರೆಗೆ ಆಡಿಸಿ. ಇಪ್ಪತ್ತು ಮೂವತ್ತು ಕ್ಲೀನರ್ ಖರ್ಚಾದರೆ ಹೆದರಬೇಡಿ. ಬಣ್ಣ ಹಾಕಿದ ಬತ್ತಿಯ ಸ್ಪಿರಿಟ್, ಪಾಲಿಶ್ ಸ್ಪಿರಿಟ್ ಬಳಸಲೇಬಾರದು, ಅದರಲ್ಲಿ ಮೆಥನಾಲ್ ವಿಷವಿರುತ್ತದೆ. ಆಮೇಲೆ ಬಟ್ಟಲಿಗೆ ಹತ್ತಿ ತುಂಬಿ, ಶ್ಯಾಂಕಿನಲ್ಲಿ ತಿರುಚಿದ ಹತ್ತಿಯ ಬತ್ತಿ ಇಟ್ಟು, ಡ್ರಾಪರಿನಿಂದ ಆಲ್ಕೋಹಾಲ್ ಬಿಡಿ. ಸುಮಾರು 19 ಮಿ.ಮೀ. ಅಗಲ, 35 ಮಿ.ಮೀ. ಆಳದ ಬಟ್ಟಲಿಗೆ 6ರಿಂದ 8 ಮಿ.ಲೀ. ಹಿಡಿಯುತ್ತದೆ. ಹೊರಮೈಗೆ ಚೆಲ್ಲಿದರೆ ಬಣ್ಣ ಎದ್ದುಬರುತ್ತದೆ, ಜೋಪಾನ. ರಾತ್ರಿಯಿಡೀ ಬಿಟ್ಟರೆ ಹತ್ತಿ ಚಹಾದ ಬಣ್ಣಕ್ಕೆ ತಿರುಗುತ್ತದೆ. ಹಳೆಯ ಒಡೆಯನ ತಂಬಾಕಿನ ವಾಸನೆ ಅದರೊಂದಿಗೇ ಬಿಡುವುದು. ಉಪ್ಪು ತುಂಬಿಸಿ ಮಾಡುವ ಕ್ರಮವೂ ಇದೆ. ಸೀಳು ಇದ್ದ ಬಟ್ಟಲಿಗೆ ಅಪಾಯವಾದ್ದರಿಂದ ನಾವು ಹತ್ತಿಯನ್ನೇ ಹೇಳುತ್ತೇವೆ. ಬೇಸಿಗೆಯಾದರೆ ನಾಲ್ಕು ದಿನ, ಮಳೆಗಾಲವಾದರೆ ಪೂರ್ತಿ ಒಂದು ವಾರ ನೆರಳಿನಲ್ಲಿ ಒಣಗಿಸಿ. ಅಂಗಳದ ಬಿಸಿಲಿಗೆ ಇಡಬೇಡಿ, ಅಟ್ಟಕ್ಕೂ ಏರಿಸಬೇಡಿ. ಒಳಗೆ ಬೂಷ್ಟು ಕಂಡರೆ ಎಲ್ಲವನ್ನೂ ಮೊದಲಿನಿಂದ ಮಾಡಬೇಕು.

ಇಷ್ಟೆಲ್ಲ ಹೇಳಿದ ಮೇಲೆ ಇದನ್ನೂ ನೇರವಾಗಿ ಹೇಳಬೇಕು. ಎಳೆತ ಸಲೀಸಾದ ಪೈಪು ಅಪಾಯ ಕಡಿಮೆಯಾದ ಪೈಪಲ್ಲ. ಹೊಗೆಯನ್ನು ಒಳಗೆಳೆಯದಿದ್ದರೂ ಬಾಯಿ, ತುಟಿ, ಗಂಟಲು, ಅನ್ನನಾಳದ ಕ್ಯಾನ್ಸರಿಗೆ ಪೈಪು ಕಾರಣವಾಗುತ್ತದೆ. ಸೇದುವ ಅಭ್ಯಾಸ ಇಲ್ಲದವರು ಈ ನಾಲ್ಕನ್ನು ನೋಡಿ ಶುರುಮಾಡಬಾರದು. ಅಂದದ ಮರದ ಕೆಲಸವೆಂದು ಕಪಾಟಿನಲ್ಲಿಟ್ಟರೂ ಬೆಲೆ ಹಾಗೆಯೇ ಉಳಿಯುತ್ತದೆ. ಸಾರ್ವಜನಿಕ ಸ್ಥಳದಲ್ಲಿ ಸೇದುವುದನ್ನು ಕೇರಳ ಹೈಕೋರ್ಟು 1999ರಲ್ಲೇ ಕಾನೂನುಬಾಹಿರವೆಂದಿದೆ, 2003ರ ಕೇಂದ್ರ ಕಾಯ್ದೆಯೂ ತಡೆಯುತ್ತದೆ.

ನಿಮ್ಮ ಆಯ್ಕೆ. ಹೆಸರಿಲ್ಲದ್ದು ನಿಜವಾಗಿ ಬ್ರೈಯರ್ ಹೌದೋ ಎಂದು ಮೊದಲು ನೋಡಿ: ಬಟ್ಟಲಿನ ಒಂದು ಪಕ್ಕ ಹಕ್ಕಿಯ ಕಣ್ಣಿನಂಥ ಪುಟ್ಟ ಚುಕ್ಕೆಗಳು, ಇನ್ನೊಂದು ಪಕ್ಕ ಜ್ವಾಲೆಯಂಥ ಗೆರೆಗಳು ಕಾಣಬೇಕು. ಬೀಟಿಯೋ ಮತ್ತಾವುದೋ ಮರವಾಗಿ ಮೇಲೆ ದಪ್ಪ ವಾರ್ನಿಶ್ ಇದ್ದರೆ 1,500 ಕೂಡ ಜಾಸ್ತಿ. ಬ್ರೈಯರೇ ಆಗಿದ್ದು ಅಂಗೈ ಮುಚ್ಚಿದ ಪರೀಕ್ಷೆಯಲ್ಲಿ ಗೆದ್ದರೆ ದಿನನಿತ್ಯಕ್ಕೆ ಅದೇ ಸಾಕು. ಸವಿನೆಲ್ಲಿಯನ್ನು ಗುಳುಗುಳುವಿನ ಕಾರಣ ಹೇಳಿ ಬೆಲೆ ಇಳಿಸಿ ಕೇಳಿ, ಅದರ ಮದ್ದು ಒಂದು ಬಾಲ್ಸಾ ಕಡ್ಡಿ. ಬಟ್ಟಲು ಚೆನ್ನಾಗಿದ್ದರೆ ನಾಲ್ಕರಲ್ಲಿ ಕೊಟ್ಟ ಹಣಕ್ಕೆ ಅತಿ ಹೆಚ್ಚು ಸಿಗುವುದು ಇದರಲ್ಲೇ. ಪೀಟರ್ಸನ್ ಪಿ-ಲಿಪ್ ನಿಮ್ಮ ಬಾಯಿಗೆ ಹೊಂದಿದರೆ ಮಾತ್ರ. ಡನ್‌ಹಿಲ್‌ಗೆ ಹಣ ಕೊಡುವ ಮುನ್ನ ಮಾರುವವರ ಎದುರೇ ಸ್ಟೆಮ್ ತೆಗೆಯಲು ಅನುಮತಿ ಕೇಳಿ. ಮುದ್ರೆ ಓದಲು ಬಂದರೆ, ಸ್ಟೆಮ್ ಮೂಲದ್ದಾದರೆ, ದಬ್ಬಣ ಎಲ್ಲೂ ಇಳಿಯದಿದ್ದರೆ ಬಿಗಿ ಎಳೆತಕ್ಕಾಗಿ ಅದನ್ನು ಕೈಬಿಡಬೇಡಿ, ಆ ಬಿಗಿತವನ್ನೇ ತೋರಿಸಿ ಬೆಲೆ ಕಡಿಮೆ ಮಾಡಿಸಿ. ಸ್ಟೆಮ್ ತೆಗೆಯುವುದು ಬೇಡ ಎಂದರೆ ನಮಸ್ಕಾರ ಹೇಳಿ ಎದ್ದುಬನ್ನಿ.